ಕೆಂಪು ಇಳಿದ್ರೆ ಗಾಯ ಮಾಯಿತು ಅಂತಲ್ಲ: ಕಣ್ಣಿನ ಡ್ರಾಪ್ಸ್ ಬಾಟಲಿಯಲ್ಲಿ ಏನೇನಿರುತ್ತೆ?

(ಈ ವಾರದ ಪಾಡ್‌ಕಾಸ್ಟ್ ಕಂತಿನ ಲಿಖಿತ ರೂಪ. ಓದಲು ಅನುಕೂಲವಾಗುವಂತೆ ಅಲ್ಲಲ್ಲಿ ತಿದ್ದಲಾಗಿದೆ.)



ಈ ಕಂತು ರೆಕಾರ್ಡ್ ಮಾಡ್ತಿರುವಾಗ ನನ್ನ ಮುಂದೆ ಟೇಬಲ್ ಮೇಲೆ ಕಣ್ಣಿನ ಡ್ರಾಪ್ಸ್‌ನ ಮೂರು ಬಾಟಲಿಗಳಿವೆ. ಒಂದು ಸಿಂಧನೂರಿನಲ್ಲಿ ಕೊಂಡದ್ದು. ಇನ್ನೊಂದು ಮಸ್ಕಿಯಲ್ಲಿ ನಮ್ಮಕ್ಕನ ಮನೆಯ ಫ್ರಿಜ್‌ನಲ್ಲಿ ಇದ್ದದ್ದು. ಮೂರನೇದು ಲಿಂಗಸುಗೂರಿನ ಕಣ್ಣಿನ ಡಾಕ್ಟರು ಬರೆದುಕೊಟ್ಟದ್ದು. ಮೂರನ್ನೂ ಹಾಕಿದ್ದು ಒಂದೇ ಕಣ್ಣಿಗೆ, ನಮ್ಮಪ್ಪನ ಬಲಗಣ್ಣಿಗೆ. ಮೊದಲನೇ ಬಾಟಲಿ ತಂದುಕೊಟ್ಟವನು ನಾನೇ.

ನಾನು ಓದಿದ್ದು ಬಿ.ಕಾಂ. ಡಾಕ್ಟರ್ ಅಲ್ಲ, ಫಾರ್ಮಸಿಸ್ಟೂ ಅಲ್ಲ. ಕಾಮರ್ಸ್ ಕ್ಲಾಸಿನಲ್ಲಿ ನಮಗೆ ಒಂದು ಅಭ್ಯಾಸ ಮಾಡಿಸ್ತಾರೆ: ಬ್ಯಾಲೆನ್ಸ್ ಶೀಟ್ ಕೈಗೆ ಬಂದರೆ ಮೇಲಿನ ದೊಡ್ಡ ಅಂಕಿ ನೋಡಿ ಎದ್ದು ಹೋಗಬೇಡ, ಕೆಳಗೆ ಸಣ್ಣಕ್ಷರದಲ್ಲಿರೋ ನೋಟ್ಸ್ ಓದು ಅಂತ. ಕಂಪನಿ ಲೆಕ್ಕಕ್ಕೆ ಇಟ್ಟುಕೊಂಡಿದ್ದ ಆ ಅಭ್ಯಾಸವನ್ನು ಅಪ್ಪನ ಕಣ್ಣಿಗೆ ಹಾಕೋ ಬಾಟಲಿಗೆ ಇಟ್ಟುಕೊಳ್ಳಲಿಲ್ಲ. ಆ ಸಣ್ಣಕ್ಷರವನ್ನು ಇವತ್ತು ನಿಮ್ಮ ಜೊತೆ ಕೂತು ಓದ್ತೀನಿ.

ಸುಂಕು ಬಿದ್ದ ದಿನ

ನಮ್ಮದು ಸಿಂಧನೂರು ತಾಲ್ಲೂಕಿನ ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬರೋ ಊರು, ಅಂದ್ರೆ ಭತ್ತದ ಊರು. ಎರಡು ವರ್ಷದ ಹಿಂದಿನ ಮಾತು, ನವೆಂಬರ್ ಕೊನೆ. ಕಟಾವು ಮಷಿನ್ ಬಂದು ಹೋಗಿತ್ತು. ಕಣದಲ್ಲಿ ಭತ್ತ ಒಣಗಿಸಿ ತೂರುವಾಗ ಅಪ್ಪನ ಬಲಗಣ್ಣಿಗೆ ಸುಂಕು ಬಿತ್ತು. ನಮ್ಮ ಕಡೆ ಇದು ದೊಡ್ಡ ಸುದ್ದಿಯೇ ಅಲ್ಲ. ಅಪ್ಪ ಕಣ್ಣು ಉಜ್ಜಿಕೊಂಡ, ಕಾಲುವೆ ನೀರಲ್ಲಿ ಮುಖ ತೊಳೆದ, ಮತ್ತೆ ಮರ ಹಿಡಿದು ನಿಂತ. ರಾತ್ರಿ ಹೊತ್ತಿಗೆ ಕಣ್ಣು ಕೆಂಪಾಗಿ ನೀರು ಸುರಿಯೋಕೆ ಶುರುವಾಯ್ತು.

ಮರುದಿನ ನನಗೆ ಸಿಂಧನೂರಿನಲ್ಲಿ ಬ್ಯಾಂಕಿನ ಕೆಲಸ ಇತ್ತು. ದಾರಿಯಲ್ಲಿ ಒಂದು ಮೆಡಿಕಲ್ ಶಾಪ್‌ಗೆ ಹೋಗಿ, "ಅಣ್ಣಾರ, ಅಪ್ಪನ ಕಣ್ಣಾಗ ಭತ್ತದ ಸುಂಕು ಬಿದ್ದೈತ್ರಿ, ಕೆಂಪಗಾಗೇತಿ" ಅಂದೆ. ಅವರು ಡಾಕ್ಟರ ಚೀಟಿ ಕೇಳಲಿಲ್ಲ. ಚೀಟಿ ಬೇಕೇನು ಅಂತ ನಾನೂ ಕೇಳಲಿಲ್ಲ. "ಇದು ಹಾಕ್ರಿ, ಎರಡು ದಿನದಾಗ ಕಮ್ಮಿ ಆಕ್ಕೈತಿ" ಅಂತ ಬಾಟಲಿ ಕೈಗಿಟ್ಟರು.

ಎರಡು ದಿನದಲ್ಲಿ ನಿಜವಾಗ್ಲೂ ಕಮ್ಮಿ ಆಯ್ತು. ಕೆಂಪು ಇಳೀತು, ಉರಿ ಹೋಯ್ತು. "ತಮ್ಮಾ, ಚಲೋ ಔಷಧ ತಂದಿ ನೋಡು" ಅಂದ ಅಪ್ಪ. ಐದನೇ ದಿನ ಅಪ್ಪ ಮಸ್ಕಿಯ ಅಕ್ಕನ ಮನೆಗೆ ಹೋದ. ಅಲ್ಲಿ ಮತ್ತೆ ನೋವು ಶುರು. ಬಾಟಲಿ ಊರಲ್ಲೇ ಉಳಿದಿತ್ತು. ಅಕ್ಕನ ಅತ್ತೆಗೆ ಅದೇ ವರ್ಷದ ಬೇಸಿಗೆಯಲ್ಲಿ ಪೊರೆ ಆಪರೇಷನ್ ಆಗಿತ್ತು, ಆಗ ಕೊಟ್ಟಿದ್ದ ಡ್ರಾಪ್ಸ್ ಫ್ರಿಜ್‌ನಲ್ಲಿ ಅರ್ಧ ಉಳಿದಿತ್ತು. "ಇದೂ ಕಣ್ಣಿಂದೇ ಐತಲ್ಲ, ಹಾಕ್ಕೋ ಯಪ್ಪಾ" ಅಂದಳು ಅಕ್ಕ. ಮೂರು ದಿನ ಹಾಕಿದರು. ನಾಲ್ಕನೇ ದಿನ ಬೆಳಿಗ್ಗೆ ಅಕ್ಕನ ಫೋನ್ ಬಂತು: "ಅಪ್ಪನ ಕಣ್ಣಾಗ ಹೂ ಬಿದ್ದಂಗ ಕಾಣಾಕತ್ತೈತಿ, ಲಗೂನ ಬಾ."

ಸಿಂಧನೂರಿನ ಬಾಟಲಿ ಜೇಬಿಗೆ ಹಾಕ್ಕೊಂಡು ಮಸ್ಕಿಗೆ ಹೋದೆ. ಅಲ್ಲಿಂದ ಅಪ್ಪನನ್ನು ಕರ್ಕೊಂಡು ಲಿಂಗಸುಗೂರಿಗೆ. ಅಲ್ಲಿಯ ಕಣ್ಣಿನ ಡಾಕ್ಟರಮ್ಮ ಮೊದಲು ಕೇಳಿದ್ದೇ "ಏನೇನು ಹಾಕೀರಿ? ಬಾಟಲಿ ತಂದೀರೇನು?" ಅಂತ. ಎರಡನ್ನೂ ಕೊಟ್ಟೆ. ಲೇಬಲ್ ಓದಿ ಪಕ್ಕಕ್ಕಿಟ್ಟರು. ಆಮೇಲೆ ಅಪ್ಪನ ಕಣ್ಣಿಗೆ ಹಳದಿ ಬಣ್ಣದ ಒಂದು ಕಾಗದದ ಪಟ್ಟಿ ಮುಟ್ಟಿಸಿ ನೀಲಿ ಬೆಳಕು ಬಿಟ್ಟರು. ಆ ಬಣ್ಣದ ಹೆಸರು ಫ್ಲೋರೆಸಿನ್. ಮೇಲ್ಪದರ ಕಿತ್ತುಹೋದ ಜಾಗದಲ್ಲಿ ಮಾತ್ರ ಅದು ಅಂಟಿಕೊಂಡು ಹಸಿರಾಗಿ ಹೊಳೆಯುತ್ತೆ. ಅಪ್ಪನ ಕಣ್ಣಲ್ಲಿ ಅದು ಜೋಳದ ಕಾಳಿನಷ್ಟು ಅಗಲ ಹೊಳೀತಿತ್ತು.

"ಇದು ಬರೀ ಗೀರಲ್ಲ, ಹುಣ್ಣಾಗೇತಿ. ಫಂಗಸ್ ಇರಬೇಕು. ನೀವು ಹಾಕಿದ ಎರಡೂ ಬಾಟಲಿನ್ಯಾಗ ಸ್ಟೀರಾಯ್ಡ್ ಐತಿ" ಅಂದರು. ಎರಡನ್ನೂ ಅವತ್ತೇ ನಿಲ್ಲಿಸಿದರು. ಹುಣ್ಣನ್ನು ಕೆರೆದು ಪರೀಕ್ಷೆ ಮಾಡಿಸೋಕೆ ರಾಯಚೂರಿಗೆ ಕಳಿಸಿದರು. ಫಂಗಸ್ ಅಂತಲೇ ಬಂತು.

ಗಾಯ ತಾನಾಗೇ ಮಾಯುತ್ತೆ, ನಾವು ಬಿಟ್ಟರೆ

ಕಣ್ಣಿನ ಕರಿಗುಡ್ಡೆ ಮೇಲೆ ಗಡಿಯಾರದ ಗಾಜಿನ ಥರ ಒಂದು ಪಾರದರ್ಶಕ ಪದರ ಇದೆ, ಅದೇ ಕಾರ್ನಿಯಾ. ನಡುವೆ ಅದರ ದಪ್ಪ ಸುಮಾರು ಅರ್ಧ ಮಿಲಿಮೀಟರ್, ಅಷ್ಟೇ. ಅದರಲ್ಲಿ ರಕ್ತನಾಳಗಳಿಲ್ಲ. ಇದ್ದಿದ್ರೆ ಬೆಳಕು ಸರಾಗವಾಗಿ ಒಳಗೆ ಹೋಗ್ತಿರಲಿಲ್ಲ. ಹಾಗಾಗಿ ಅದಕ್ಕೆ ಬೇಕಾದ ಆಮ್ಲಜನಕ ಬಹುಪಾಲು ಗಾಳಿಯಿಂದ, ಕಣ್ಣೀರಿನ ಮೂಲಕ ಬರಬೇಕು. ನರಗಳು ಮಾತ್ರ ಅಲ್ಲಿ ದಟ್ಟವಾಗಿವೆ. ಅದಕ್ಕೇ ಒಂದು ಸಣ್ಣ ಸುಂಕು ಬಿದ್ರೂ ಪ್ರಾಣ ಹೋದಂಗಾಗುತ್ತೆ.

ಕಾರ್ನಿಯಾದ ತೀರಾ ಮೇಲಿನ ಚರ್ಮಕ್ಕೆ ಎಪಿಥೀಲಿಯಂ ಅಂತಾರೆ. ಐದರಿಂದ ಏಳು ಸಾಲು ಜೀವಕೋಶಗಳು. ಗೀರು ಬಿದ್ದರೆ ಸುತ್ತಲಿನ ಕೋಶಗಳು ಮೊದಲು ಚಪ್ಪಟೆಯಾಗಿ ಜಾರಿಕೊಂಡು ಬಂದು ಖಾಲಿ ಜಾಗ ಮುಚ್ಚುತ್ತವೆ. ಆಮೇಲೆ ಒಂದು ಎರಡಾಗಿ ಸಾಲು ತುಂಬಿಸುತ್ತವೆ. ಕೊನೆಗೆ ತಳಕ್ಕೆ ಗಟ್ಟಿಯಾಗಿ ಅಂಟಿಕೊಳ್ಳುತ್ತವೆ. ಸೋಂಕಿಲ್ಲದ ಸಣ್ಣ ಗೀರು ಸಾಮಾನ್ಯವಾಗಿ ಒಂದರಿಂದ ಮೂರು ದಿನದಲ್ಲಿ ಮುಚ್ಚಿಕೊಳ್ಳುತ್ತೆ, ಕಲೆ ಉಳಿಯೋದಿಲ್ಲ. ಆದ್ರೆ ಸೋಂಕು ಆ ಚರ್ಮ ದಾಟಿ ಕೆಳಗಿನ ಪದರಕ್ಕೆ ಇಳಿದರೆ ಅದು ಹುಣ್ಣು. ಹುಣ್ಣು ವಾಸಿಯಾದರೂ ಬಿಳಿ ಕಲೆ ಉಳಿಯುತ್ತೆ. ನಮ್ಮ ಹಿರಿಯರು "ಕಣ್ಣಾಗ ಹೂ ಬಿತ್ತು" ಅನ್ನೋದು ಇದಕ್ಕೇ.

ಹಾಗಾಗಿ ಗಾಯವಾದ ಕಣ್ಣಿಗೆ ಬಾಟಲಿಯಿಂದ ಏನೇ ಬೀಳಲಿ, ಕೇಳಬೇಕಾದ ಪ್ರಶ್ನೆ ಎರಡು. ಒಂದು, ಆ ಕೋಶಗಳು ಜಾರಿ ಬಂದು ಮುಚ್ಚೋ ಕೆಲಸಕ್ಕೆ ಇದು ಅಡ್ಡಿ ಮಾಡುತ್ತಾ? ಎರಡು, ಸೋಂಕಿಗೆ ಇದು ದಾರಿ ಬಿಡುತ್ತಾ? ಕೆಂಪು ಇಳೀತಾ ಅನ್ನೋದು ಮೂರನೇ ಪ್ರಶ್ನೆ. ನಾವು ಕೇಳೋದು ಆ ಮೂರನೇದನ್ನು ಮಾತ್ರ.

ಮೊದಲ ಬಾಟಲಿ: ಸಿಂಧನೂರು

ಲೇಬಲ್ ಓದ್ತೀನಿ. ಒಂದು ಆಂಟಿಬಯೋಟಿಕ್. ಅದರ ಕೆಳಗೆ ಡೆಕ್ಸಾಮೆಥಸೋನ್. ಅದರ ಕೆಳಗೆ ಬೆಂಜಾಲ್ಕೋನಿಯಂ ಕ್ಲೋರೈಡ್, ಶೇ 0.01, "ಪ್ರಿಸರ್ವೇಟಿವ್ ಆಗಿ". ಕೊನೆಗೆ ಶುದ್ಧ ನೀರು, "ಕ್ಯೂ.ಎಸ್." ಅಂದ್ರೆ ಉಳಿದದ್ದು ಬೇಕಾದಷ್ಟು.

ಡೆಕ್ಸಾಮೆಥಸೋನ್ ಒಂದು ಸ್ಟೀರಾಯ್ಡ್. ಸ್ಟೀರಾಯ್ಡ್ ಕೆಟ್ಟ ಔಷಧ ಅಂತ ನಾನು ಹೇಳ್ತಿಲ್ಲ. ಪೊರೆ ಆಪರೇಷನ್ ಆದ ಮೇಲೆ, ಕಾರ್ನಿಯಾ ಕಸಿ ಮಾಡಿದ ಮೇಲೆ, ಕಣ್ಣೊಳಗಿನ ಉರಿಯೂತಕ್ಕೆ ಅದು ಬೇಕೇ ಬೇಕು. ಅದರ ಕೆಲಸ ದೇಹದ ಉರಿಯೂತವನ್ನು ತಗ್ಗಿಸೋದು. ಕೆಂಪು, ಊತ, ನೋವು ಇವೆಲ್ಲ ಉರಿಯೂತದ ಲಕ್ಷಣಗಳೇ, ಅದಕ್ಕೇ ಸ್ಟೀರಾಯ್ಡ್ ಹಾಕಿದ ಕೂಡ್ಲೇ ಕಣ್ಣು ತಿಳಿಯಾಗಿ ಕಾಣುತ್ತೆ. ಆದ್ರೆ ಅದೇ ಉರಿಯೂತ ಸೋಂಕಿನ ವಿರುದ್ಧ ದೇಹ ಕಳಿಸಿದ ಸೈನ್ಯವೂ ಹೌದು. ಸೈನ್ಯವನ್ನು ವಾಪಸ್ ಕರೆಸಿಕೊಂಡರೆ ಗದ್ದಲ ನಿಲ್ಲುತ್ತೆ, ಕಳ್ಳ ಒಳಗೇ ಇರ್ತಾನೆ. ಜೊತೆಗೆ ಸ್ಟೀರಾಯ್ಡ್ ಮೇಲ್ಚರ್ಮ ಮುಚ್ಚೋದನ್ನೂ, ಕೆಳಗಿನ ಪದರ ಗಟ್ಟಿಯಾಗೋದನ್ನೂ ನಿಧಾನ ಮಾಡುತ್ತೆ. ತಿಂಗಳುಗಟ್ಟಲೆ ಹಾಕ್ಕೊಂಡರೆ ಕಣ್ಣಿನ ಒತ್ತಡ ಏರಿ ಗ್ಲಾಕೋಮಾ ಬರಬಹುದು, ಪೊರೆಯೂ ಬರಬಹುದು.

ಕಾಮರ್ಸಿನವರಿಗೆ ಅರ್ಥ ಆಗೋ ಹಾಗೆ ಹೇಳೋದಾದ್ರೆ, ಇದು ವಿಂಡೋ ಡ್ರೆಸ್ಸಿಂಗ್. ಲೆಕ್ಕದ ಪುಸ್ತಕ ಚೆಂದ ಕಾಣುತ್ತೆ, ಸಾಲ ಹಾಗೇ ಬೆಳೀತಿರುತ್ತೆ.

ಭತ್ತ, ಜೋಳ, ಕಬ್ಬು, ಕಟ್ಟಿಗೆ ತಾಗಿ ಆದ ಗಾಯದಲ್ಲಿ ಈ ಅಪಾಯ ಇನ್ನೂ ಜಾಸ್ತಿ. ಕಾರಣ ಫಂಗಸ್. ಹಳೇ ರೊಟ್ಟಿ ಮೇಲೆ ಬರುತ್ತಲ್ಲ ಬೂಷ್ಟು, ಅದೇ ಕುಲದ್ದು. ಮಣ್ಣಲ್ಲಿ, ಹುಲ್ಲಲ್ಲಿ, ಧೂಳಲ್ಲಿ ಇರುತ್ತೆ. 1994ರ ಮೊದಲ ಮೂರು ತಿಂಗಳಲ್ಲಿ ಮಧುರೈಗೆ ಬಂದ 434 ಕಾರ್ನಿಯಾ ಹುಣ್ಣಿನ ರೋಗಿಗಳನ್ನು ಪರೀಕ್ಷಿಸಿದ ಅಧ್ಯಯನ ಒಂದಿದೆ. ಸೂಕ್ಷ್ಮಜೀವಿ ಬೆಳೆದ ಮಾದರಿಗಳಲ್ಲಿ ಬ್ಯಾಕ್ಟೀರಿಯಾ ಮತ್ತು ಫಂಗಸ್ ಹೆಚ್ಚೂಕಮ್ಮಿ ಅರ್ಧರ್ಧ ಸಿಕ್ಕಿದ್ದವು. ಅದೇ ಜಿಲ್ಲೆಯಲ್ಲಿ ವರ್ಷಕ್ಕೆ ಲಕ್ಷ ಜನರಲ್ಲಿ 113 ಮಂದಿಗೆ ಇಂಥ ಹುಣ್ಣು ಆಗುತ್ತೆ ಅಂತ 1996ರಲ್ಲಿ ಅಂದಾಜು ಮಾಡಿದ್ರು. ಅಮೆರಿಕದ ಒಂದು ಕೌಂಟಿಯಲ್ಲಿ ಅದೇ ಲೆಕ್ಕ ಸುಮಾರು 11. ಮಧುರೈ ಸುತ್ತ ಇರೋದೂ ಹೊಲ, ಕಾಲುವೆ, ಕಣ. ನಮ್ಮ ಕಡೆ ಇರೋದೂ ಅದೇ.

ಅಪ್ಪನ ಬಾಟಲಿಯಲ್ಲಿದ್ದ ಆಂಟಿಬಯೋಟಿಕ್ ಬ್ಯಾಕ್ಟೀರಿಯಾಕ್ಕೆ. ಫಂಗಸ್‌ಗೆ ಅದರಿಂದ ಏನೂ ಆಗೋದಿಲ್ಲ. ಪಕ್ಕದಲ್ಲಿದ್ದ ಸ್ಟೀರಾಯ್ಡ್ ಫಂಗಸ್‌ಗೆ ಮೈದಾನ ಖಾಲಿ ಮಾಡಿಕೊಟ್ಟಿತು. ಎರಡು ದಿನ "ಚಲೋ ಔಷಧ" ಅನ್ನಿಸಿದ್ದು ಅದಕ್ಕೇ.

ಬ್ಯಾಕ್ಟೀರಿಯಾದ ಹುಣ್ಣಿಗಾದ್ರೂ ಸ್ಟೀರಾಯ್ಡ್ ಸೇರಿಸಿದ್ರೆ ಒಳ್ಳೇದಾಗುತ್ತಾ ಅಂತ 500 ರೋಗಿಗಳ ಮೇಲೆ ಒಂದು ದೊಡ್ಡ ಪರೀಕ್ಷೆ ನಡೆದು 2012ರಲ್ಲಿ ಫಲಿತಾಂಶ ಬಂತು. ಅಲ್ಲಿ ಬ್ಯಾಕ್ಟೀರಿಯಾವೇ ಅಂತ ಖಾತ್ರಿಯಾದ ಮೇಲೆ, 48 ಗಂಟೆ ಆಂಟಿಬಯೋಟಿಕ್ ಹಾಕಿ, ಆಮೇಲೆ ಸ್ಟೀರಾಯ್ಡ್ ಶುರು ಮಾಡಿದ್ರು. ಅಷ್ಟು ಎಚ್ಚರದಲ್ಲಿ ಕೊಟ್ಟರೂ ಮೂರು ತಿಂಗಳ ನಂತರ ಒಟ್ಟಾರೆ ದೃಷ್ಟಿಯಲ್ಲಿ ಹೆಚ್ಚಿನ ಲಾಭ ಕಾಣಲಿಲ್ಲ. ನಾವು ಯಾವ ಪರೀಕ್ಷೆಯೂ ಇಲ್ಲದೆ ಮೊದಲ ದಿನವೇ ಹಾಕಿದ್ವಿ.

ಬಾಟಲಿ ಮೇಲೆ "ಆರ್‌ಎಕ್ಸ್" ಗುರುತು ಇತ್ತು. ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರಬಾರದು ಅಂತ ಇಂಗ್ಲಿಷಿನಲ್ಲಿ ಬರೆದೂ ಇತ್ತು. ಶೆಡ್ಯೂಲ್ ಎಚ್ ಅಂದ್ರೆ ಅದೇ. ಮಾರಿದವರಿಗೆ ಅದು ಗೊತ್ತಿರಬೇಕಿತ್ತು. ಓದೋಕೆ ಬರೋ ನನಗೂ ಗೊತ್ತಾಗಬೇಕಿತ್ತು.

ಎರಡನೇ ಬಾಟಲಿ: ಮಸ್ಕಿ

ಇದರಲ್ಲಿ ಪ್ರೆಡ್ನಿಸೋಲೋನ್, ಅದೂ ಸ್ಟೀರಾಯ್ಡೇ. ಅಕ್ಕನ ಅತ್ತೆಗೆ ಆಪರೇಷನ್ ಆದಾಗ ಅದು ಸರಿಯಾದ ಔಷಧವೇ ಆಗಿತ್ತು. ಅಪ್ಪನಿಗೆ ಅಲ್ಲ. ಆದ್ರೆ ಈ ಬಾಟಲಿಯಲ್ಲಿ ಇನ್ನೊಂದು ತೊಂದರೆ ಇದೆ: ಮುಚ್ಚಳ ತೆಗೆದು ಏಳು ತಿಂಗಳಾಗಿತ್ತು.

ಕಣ್ಣಿಗೆ ಹಾಕೋ ದ್ರವ ಕುಡಿಯೋ ಸಿರಪ್ ಥರ ಅಲ್ಲ. ಅದರಲ್ಲಿ ಒಂದು ಸೂಕ್ಷ್ಮಜೀವಿಯೂ ಇರಬಾರದು. ಅದು ತಪ್ಪಿದ್ರೆ ಏನಾಗುತ್ತೆ ಅಂತ ನಾವು ನೋಡಿದ್ದೀವಿ. 2019ರ ಜುಲೈನಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಪೊರೆ ಆಪರೇಷನ್ ಆದ ಹಲವರಿಗೆ ಸೋಂಕು ತಗುಲಿ ಕೆಲವರು ದೃಷ್ಟಿ ಕಳ್ಕೊಂಡ್ರು. ಆಪರೇಷನ್ ವೇಳೆ ಬಳಸಿದ ಔಷಧಿಯಲ್ಲೇ ದೋಷ ಇತ್ತು ಅಂತ ಆಗ ಆಸ್ಪತ್ರೆ ಕಡೆಯಿಂದ ಹೇಳಿದ್ರು. 2023ರಲ್ಲಿ ಅಮೆರಿಕದಲ್ಲಿ ಇನ್ನೂ ದೊಡ್ಡದಾಯ್ತು. ಚೆನ್ನೈ ಹತ್ತಿರ ತಯಾರಾಗಿ ಅಲ್ಲಿಗೆ ಹೋಗಿದ್ದ ಕೃತಕ ಕಣ್ಣೀರಿನ ಡ್ರಾಪ್ಸ್‌ಗೂ ಸ್ಯೂಡೋಮೊನಾಸ್ ಅನ್ನೋ ಹಠಮಾರಿ ಬ್ಯಾಕ್ಟೀರಿಯಾದ ಸೋಂಕಿಗೂ ನಂಟು ಕಂಡುಬಂತು. ಆ ವರ್ಷದ ಮೇ ಹೊತ್ತಿಗೆ 18 ರಾಜ್ಯಗಳಲ್ಲಿ 81 ರೋಗಿಗಳು. 14 ಮಂದಿ ದೃಷ್ಟಿ ಕಳ್ಕೊಂಡ್ರು, ನಾಲ್ವರ ಕಣ್ಣುಗುಡ್ಡೆ ತೆಗೀಬೇಕಾಯ್ತು, ನಾಲ್ವರು ತೀರಿಕೊಂಡ್ರು. ಅದು "ಪ್ರಿಸರ್ವೇಟಿವ್ ಇಲ್ಲ" ಅಂತ ಮಾರುತ್ತಿದ್ದ ಡ್ರಾಪ್ಸ್. ಆದ್ರೆ ಮತ್ತೆ ಮತ್ತೆ ಬಳಸೋ ಬಾಟಲಿಯಲ್ಲಿ ತುಂಬಿದ್ದರು. ಅಂಥ ಬಾಟಲಿಗೆ ತಕ್ಕ ಪ್ರಿಸರ್ವೇಟಿವ್ ಇರಲಿಲ್ಲ ಅನ್ನೋದೂ ಅಲ್ಲಿನ ಔಷಧ ನಿಯಂತ್ರಣ ಸಂಸ್ಥೆಯ ಆಕ್ಷೇಪಗಳಲ್ಲಿ ಒಂದು.

ಹಾಗಾಗಿ ಪ್ರಿಸರ್ವೇಟಿವ್‌ನ ಬೈಯೋಕೆ ಮುಂಚೆ ಅದು ಯಾಕಿದೆ ಅಂತ ತಿಳ್ಕೋಬೇಕು. ಬಾಟಲಿ ತೆರೆದು ರೆಪ್ಪೆಗೆ ತಾಗಿಸ್ತೀವಿ, ಬೆರಳು ತಾಗಿಸ್ತೀವಿ, ಮತ್ತೆ ಮುಚ್ತೀವಿ. ಒಳಗೆ ಹೋದ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯದಂತೆ ಕಾಯೋದು ಪ್ರಿಸರ್ವೇಟಿವ್. ಅದೂ ಎಲ್ಲಾ ಕಾಲಕ್ಕೂ ಕಾಯೋದಿಲ್ಲ. ತೆರೆದ ಒಂದು ತಿಂಗಳಲ್ಲಿ ಬಿಸಾಡಿ ಅಂತ ಬಹುತೇಕ ಬಾಟಲಿಗಳ ಮೇಲೆ ಬರೆದಿರೋದು ಇದಕ್ಕೇ. ಎಕ್ಸ್‌ಪೈರಿ ಡೇಟ್ ಇರೋದು ಸೀಲ್ ಒಡೆಯದ ಬಾಟಲಿಗೆ.

ಕಾಯೋನೇ ಕಚ್ಚಿದಾಗ

ಈಗ ಆ ಬೆಂಜಾಲ್ಕೋನಿಯಂ ಕ್ಲೋರೈಡ್‌ಗೆ ಬರೋಣ. ಕಣ್ಣಿನ ಡ್ರಾಪ್ಸ್‌ನಲ್ಲಿ ಅತಿ ಹೆಚ್ಚು ಬಳಸೋ ಪ್ರಿಸರ್ವೇಟಿವ್ ಇದೇ. 1940ರ ದಶಕದಿಂದ ಬಳಕೆಯಲ್ಲಿದೆ. ಇದು ಸೋಪಿನ ಗುಣದ ರಾಸಾಯನಿಕ. ಒಂದು ತುದಿ ಎಣ್ಣೆಗೆ ಅಂಟುತ್ತೆ, ಇನ್ನೊಂದು ನೀರಿಗೆ. ಪಾತ್ರೆಯ ಜಿಡ್ಡು ತೆಗೆಯೋ ಹಾಗೇ ಬ್ಯಾಕ್ಟೀರಿಯಾದ ಹೊರಪೊರೆಗೆ ನುಗ್ಗಿ ಒಡೆಯುತ್ತೆ.

ತೊಂದರೆ ಏನಂದ್ರೆ ನಮ್ಮ ಕಾರ್ನಿಯಾದ ಕೋಶಗಳ ಪೊರೆಯೂ ಜಿಡ್ಡಿನದ್ದೇ. ಪ್ರಮಾಣ ಹೆಚ್ಚಿದ ಹಾಗೆ, ದಿನ ಹೆಚ್ಚಿದ ಹಾಗೆ ಇದು ಕೋಶ ಕೋಶಗಳ ನಡುವಿನ ಬೆಸುಗೆ ಸಡಿಲಿಸುತ್ತೆ, ಕಣ್ಣೀರಿನ ಮೇಲಿನ ಎಣ್ಣೆಯ ತೆಳುಪದರ ಒಡೆದು ಕಣ್ಣು ಬೇಗ ಒಣಗೋ ಹಾಗೆ ಮಾಡುತ್ತೆ. ಗಾಯ ಮುಚ್ಚೋ ಕೆಲಸ ನಿಧಾನ ಆಗೋದನ್ನೂ ಪ್ರಯೋಗಾಲಯದ ಕೋಶಗಳಲ್ಲಿ, ಪ್ರಾಣಿಗಳಲ್ಲಿ ಕಂಡಿದ್ದಾರೆ.

ಹಂಗಂತ ಗಾಬರಿಯಾಗಿ ಡಾಕ್ಟರು ಕೊಟ್ಟ ಡ್ರಾಪ್ಸ್ ಬಿಸಾಡಬೇಡಿ. ಇಲ್ಲಿ ಲೆಕ್ಕ ಮುಖ್ಯ. ಐದು ದಿನ, ದಿನಕ್ಕೆ ನಾಲ್ಕು ಸಲ ಆಂಟಿಬಯೋಟಿಕ್ ಹಾಕಿದ್ರೆ ಒಟ್ಟು 20 ಹನಿ. ಆರೋಗ್ಯವಾದ ಕಣ್ಣು ಅದನ್ನು ತಡ್ಕೊಳ್ಳುತ್ತೆ. ಆದ್ರೆ ಗ್ಲಾಕೋಮಾ ಇರೋ ಒಬ್ಬ ಅಜ್ಜಿ ಮೂರು ಬಾಟಲಿ, ದಿನಕ್ಕೆ ಎರಡೆರಡು ಸಲ ಹಾಕ್ತಾರೆ ಅಂದ್ಕೊಳ್ಳಿ. ದಿನಕ್ಕೆ ಆರು, ವರ್ಷಕ್ಕೆ 2,190 ಹನಿ. ಅದೂ ಜೀವನಪೂರ್ತಿ. ಚಕ್ರಬಡ್ಡಿ ಥರ ಕೂಡ್ತಾ ಹೋಗುತ್ತೆ. ಕಣ್ಣು ಸದಾ ಉರೀತಿದೆ, ಮರಳು ಹಾಕಿದಂಗಿದೆ ಅಂತ ಅವರು ಹೇಳಿದ್ರೆ ಅದು ಬರೀ ವಯಸ್ಸಲ್ಲ, ಪ್ರಿಸರ್ವೇಟಿವ್ ಕೂಡ ಇರಬಹುದು. ಔಷಧ ನಿಲ್ಲಿಸಬಾರದು, ನಿಲ್ಲಿಸಿದ್ರೆ ದೃಷ್ಟಿಯೇ ಹೋಗುತ್ತೆ. ಪ್ರಿಸರ್ವೇಟಿವ್ ಇಲ್ಲದ ಅಥವಾ ಮೃದುವಾದ ಬದಲಿ ಇದೆಯಾ ಅಂತ ಡಾಕ್ಟರನ್ನು ಕೇಳಬೇಕು.

ಮೃದುವಾದದ್ದು ಅಂದ್ರೆ? ಲೇಬಲ್ ಮೇಲೆ "ಸ್ಟೆಬಿಲೈಸ್ಡ್ ಆಕ್ಸಿಕ್ಲೋರೋ ಕಾಂಪ್ಲೆಕ್ಸ್" ಅಂತಿದ್ರೆ ಅದು ಬೆಳಕಿಗೆ ಬಂದಾಗ ಉಪ್ಪು, ನೀರು, ಆಮ್ಲಜನಕ ಆಗಿ ಒಡೆಯುವಂಥದ್ದು. ಸೋಡಿಯಂ ಪರ್ಬೊರೇಟ್ ಇನ್ನೊಂದು. ಒಂದೇ ಸಲ ಬಳಸಿ ಎಸೆಯೋ ಪುಟ್ಟ ಪ್ಲಾಸ್ಟಿಕ್ ಕೊಳವೆಗಳಲ್ಲಿ ಪ್ರಿಸರ್ವೇಟಿವ್ ಇರೋದೇ ಇಲ್ಲ. ಬೆಲೆ ಜಾಸ್ತಿ, ಅದು ನಿಜ. ಅಂಥ ಕೊಳವೆಯನ್ನು ಉಳಿತಾಯ ಅಂತ ನಾಳೆಗೆ ಇಡಬಾರದು. ಅದನ್ನು ಕಾಯೋರು ಒಳಗೆ ಯಾರೂ ಇಲ್ಲ.

ಮೂರನೇ ಬಾಟಲಿ: ಲಿಂಗಸುಗೂರು

ಇದು ನಟಾಮೈಸಿನ್, ಶೇ 5. ಬಿಳೀ ಹಾಲಿನಂಥ ಔಷಧ, ತಳದಲ್ಲಿ ಕೂರುತ್ತೆ, ಪ್ರತಿ ಸಲ ಅಲುಗಾಡಿಸಿ ಹಾಕಬೇಕು. ನಮ್ಮ ಹೊಲಗಳಿಂದ ಬರೋ ಎಳೆ ಎಳೆ ಫಂಗಸ್‌ಗೆ ಮೊದಲ ಆಯ್ಕೆ ಇದೇ. ಇದಕ್ಕಿಂತ ಹೊಸದಾದ ವೊರಿಕೋನಜೋಲ್ ಜೊತೆ ಹೋಲಿಸಿ ದಕ್ಷಿಣ ಭಾರತದಲ್ಲೇ 323 ರೋಗಿಗಳ ಮೇಲೆ ಪರೀಕ್ಷೆ ಮಾಡಿದ್ರು. 2013ರಲ್ಲಿ ಬಂದ ಫಲಿತಾಂಶದಲ್ಲಿ ಹಳೆಯ ನಟಾಮೈಸಿನ್ನೇ ಗೆದ್ದಿತು, ಫ್ಯುಸೇರಿಯಂ ಅನ್ನೋ ಫಂಗಸ್ ಇದ್ದವರಲ್ಲಂತೂ ಎದ್ದು ಕಾಣೋ ಹಾಗೆ.

ಈಗ ಲೇಬಲ್‌ನ ಕೊನೇ ಸಾಲು ಓದ್ತೀನಿ: ಬೆಂಜಾಲ್ಕೋನಿಯಂ ಕ್ಲೋರೈಡ್, ಶೇ 0.02. ಹೌದು, ಮೊದಲನೇ ಬಾಟಲಿಯ ಎರಡರಷ್ಟು. ಇದನ್ನು ಮೊದಲ ಸಲ ಓದಿದಾಗ ನನಗೆ ಸಿಟ್ಟೇ ಬಂತು. ಗಾಯವಾದ ಕಣ್ಣಿಗೆ ಗಂಟೆಗೊಮ್ಮೆ ಇದಾ? ಡಾಕ್ಟರಮ್ಮನಿಗೆ ಫೋನ್ ಮಾಡಿ ಕೇಳಿದೆ. ಅವರು ನಗಲಿಲ್ಲ. "ಮನಿಗೆ ಬೆಂಕಿ ಬಿದ್ದಾಗ ನೀರು ಹಾಕಿದ್ರ ಹಾಸಿಗಿ ತೊಯ್ತೈತಿ ಅಂತ ನೋಡ್ತಾರೇನ್ರಿ? ಮೊದಲು ಫಂಗಸ್ ಸಾಯಬೇಕು. ಮುಂದ ಹನಿ ಕಮ್ಮಿ ಮಾಡ್ಕೋತ ಹೋಗೋಣು" ಅಂದರು.

ಸಣ್ಣಕ್ಷರ ಓದೋದು ಅಂದ್ರೆ ಒಂದು ಹೆಸರು ಹಿಡ್ಕೊಂಡು ಹೆದರೋದಲ್ಲ ಅಂತ ನನಗೆ ಅವತ್ತು ಗೊತ್ತಾಯ್ತು. ಯಾವ ಗಾಯಕ್ಕೆ, ಎಷ್ಟು ದಿನಕ್ಕೆ, ಯಾರ ಕಣ್ಗಾವಲಿನಲ್ಲಿ ಅನ್ನೋದನ್ನು ಸೇರಿಸಿ ಓದಬೇಕು. ಒಂದೇ ರಾಸಾಯನಿಕ ಒಂದು ಕಡೆ ಖರ್ಚು, ಇನ್ನೊಂದು ಕಡೆ ಬಂಡವಾಳ.

ಲೇಬಲ್‌ನಲ್ಲಿ ಸಿಗೋ ಇನ್ನಷ್ಟು ಹೆಸರುಗಳು

ಪ್ರೊಪರಕೇನ್, ಲಿಗ್ನೋಕೇನ್: ಇವು ಕಣ್ಣು ಮರಗಟ್ಟಿಸೋ ಡ್ರಾಪ್ಸ್. ಡಾಕ್ಟರು ಪರೀಕ್ಷೆಗೆ ಒಂದು ಹನಿ ಹಾಕ್ತಾರೆ. ವೆಲ್ಡಿಂಗ್ ಮಾಡೋರು ಕಣ್ಣುರಿಗೆ ಇದನ್ನೇ ಮನೆಗೆ ಒಯ್ದು ಮತ್ತೆ ಮತ್ತೆ ಹಾಕ್ಕೊಂಡರೆ ಅನಾಹುತ. ಕೋಶಗಳು ಜಾರಿ ಬಂದು ಗಾಯ ಮುಚ್ಚೋ ಕೆಲಸವನ್ನೇ ಇದು ತಡೆಯುತ್ತೆ. ನೋವಿಲ್ಲ ಅಂತ ಉಜ್ಜಿಕೊಳ್ತಾರೆ, ಗಾಯ ದೊಡ್ಡದಾಗುತ್ತೆ, ಕಾರ್ನಿಯಾ ಕರಗಿ ತೂತು ಬೀಳೋವರೆಗೂ ಹೋಗಬಹುದು.

ನ್ಯಾಫಜೋಲಿನ್: ರಕ್ತನಾಳ ಬಿಗಿ ಮಾಡಿ ಕೆಂಪು ಇಳಿಸುತ್ತೆ, ಅಷ್ಟೇ. ಗಾಯಕ್ಕೂ ಇದಕ್ಕೂ ಸಂಬಂಧ ಇಲ್ಲ. ದಿನಾ ಹಾಕಿದ್ರೆ ಬಿಟ್ಟ ಕೂಡ್ಲೇ ಕೆಂಪು ಇನ್ನೂ ಜಾಸ್ತಿಯಾಗಿ ಮರಳುತ್ತೆ. ತಣ್ಣಗೆ ಅನ್ನಿಸೋಕೆ ಮೆಂಥಾಲ್, ಕರ್ಪೂರ ಸೇರಿಸಿದವೂ ಇವೆ. ತಣ್ಣಗಾಗೋದು ವಾಸಿಯಾಗೋದಲ್ಲ.

ಕೀಟೊರೊಲಾಕ್, ಡೈಕ್ಲೊಫೆನಾಕ್: ನೋವು ಕಮ್ಮಿ ಮಾಡೋ ಡ್ರಾಪ್ಸ್. ದುರ್ಬಲವಾದ ಕಾರ್ನಿಯಾದಲ್ಲಿ ಹೆಚ್ಚು ದಿನ ಹಾಕಿದ್ರೆ ಅಪರೂಪಕ್ಕೆ ಅದನ್ನು ಕರಗಿಸಿದ ಪ್ರಕರಣಗಳಿವೆ.

ಫಾಸ್ಫೇಟ್: ಇದು ಔಷಧವೇ ಅಲ್ಲ, ದ್ರವದ ಹುಳಿ-ಕ್ಷಾರ ಸಮ ಮಾಡೋಕೆ ಹಾಕೋದು. ಕಾರ್ನಿಯಾಗೆ ಮೊದಲೇ ತೀವ್ರ ಹಾನಿಯಾದವರಲ್ಲಿ, ತೀರಾ ಅಪರೂಪಕ್ಕೆ, ಇದರಿಂದ ಸುಣ್ಣದಂಥ ಬಿಳಿ ಪದರ ಕೂತಿದ್ದುಂಟು ಅಂತ ಯುರೋಪಿನ ಔಷಧ ಸಂಸ್ಥೆ 2012ರಲ್ಲಿ ಹೇಳಿತು. ಉಳಿದವರಿಗೆ ಇದರ ಚಿಂತೆ ಬೇಡ.

ಕಾರ್ಬಾಕ್ಸಿಮೀಥೈಲ್ ಸೆಲ್ಯುಲೋಸ್, ಸೋಡಿಯಂ ಹಯಲುರೊನೇಟ್: ಇವು ಕೃತಕ ಕಣ್ಣೀರು. ಕಣ್ಣನ್ನು ಒದ್ದೆಯಾಗಿಟ್ಟು, ರೆಪ್ಪೆ ಗಾಯಕ್ಕೆ ತಿಕ್ಕದ ಹಾಗೆ ನೋಡಿಕೊಂಡು ಮಾಯೋಕೆ ನೆರವಾಗುತ್ತವೆ. ಸೋಂಕು ಇದ್ರೆ ಮಾತ್ರ ಇವು ಸಾಲೋದಿಲ್ಲ.

ಇನ್ನು ಲೇಬಲ್ಲೇ ಇಲ್ಲದವು: ಹರಳೆಣ್ಣೆ, ಎದೆಹಾಲು, ಜೇನುತುಪ್ಪ, ನಂದಿಬಟ್ಟಲು ಹೂವಿನ ರಸ. ನಮ್ಮನೆಯಲ್ಲೂ ಹಾಕಿದ್ದಾರೆ, ಪ್ರೀತಿಯಿಂದಲೇ ಹಾಕಿದ್ದಾರೆ. ಆದ್ರೆ ಇವು ಯಾವುವೂ ಸೂಕ್ಷ್ಮಜೀವಿ ಇಲ್ಲದವಲ್ಲ. ಗಾಯವಾದ ಕಣ್ಣಿಗೆ ಬೇಡ.

ಹಾಗಾದ್ರೆ ಸುಂಕು ಬಿದ್ದಾಗ ಏನು ಮಾಡಬೇಕು?

ಉಜ್ಜಬೇಡಿ. ಕುಡಿಯೋ ಶುದ್ಧ ನೀರಲ್ಲಿ ಕಣ್ಣು ತೊಳೀರಿ, ಕಾಲುವೆ ನೀರಲ್ಲಿ ಅಲ್ಲ. ಗುಡ್ಡೆಗೆ ಚುಚ್ಚಿಕೊಂಡದ್ದನ್ನು ಬಟ್ಟೆ ತುದಿಯಿಂದ, ನಾಲಿಗೆಯಿಂದ ತೆಗೆಯೋಕೆ ಹೋಗಬೇಡಿ. ಅವತ್ತೇ, ತಪ್ಪಿದ್ರೆ ಮರುದಿನ ಬೆಳಿಗ್ಗೆಯೇ ಕಣ್ಣಿನ ಡಾಕ್ಟರಿಗೆ ತೋರಿಸಿ. ನೋವು ಹೆಚ್ಚಾದ್ರೆ, ಬೆಳಕು ನೋಡೋಕಾಗದಿದ್ರೆ, ಮಂಜು ಮಂಜಾದ್ರೆ, ಕರಿಗುಡ್ಡೆ ಮೇಲೆ ಬಿಳಿ ಚುಕ್ಕಿ ಕಂಡರೆ ಒಂದು ಗಂಟೆಯೂ ಕಾಯಬೇಡಿ.

ಅವತ್ತೇ ಅಂತ ಯಾಕೆ ಒತ್ತಿ ಹೇಳ್ತೀನಿ ಅಂದ್ರೆ, ನೇಪಾಳದ ಭಕ್ತಪುರದಲ್ಲಿ ಹಳ್ಳಿಯ ಆರೋಗ್ಯ ಕಾರ್ಯಕರ್ತರು ಗೀರು ಬಿದ್ದ ಕಣ್ಣುಗಳಿಗೆ ಶೇ 1ರ ಕ್ಲೋರಂಫೆನಿಕಾಲ್ ಮುಲಾಮು ಹಚ್ಚಿ ನೋಡಿದ್ರು. 2001ರಲ್ಲಿ ಪ್ರಕಟವಾದ ಆ ವರದಿ ಪ್ರಕಾರ ಗಾಯವಾದ 18 ಗಂಟೆಯೊಳಗೆ ಚಿಕಿತ್ಸೆ ಶುರುವಾದ ಒಬ್ಬರಿಗೂ ಹುಣ್ಣಾಗಲಿಲ್ಲ. ತಡವಾದವರಲ್ಲಿ ಕೆಲವರಿಗೆ ಆಯ್ತು. ಆಮೇಲೆ ನೇಪಾಳದಲ್ಲೇ ನಡೆದ ಇನ್ನೂ ದೊಡ್ಡ ಪರೀಕ್ಷೆಯಲ್ಲಿ ಊರಿಗೂರೇ ಹುಣ್ಣು ಕಮ್ಮಿಯಾದದ್ದು ಕಾಣಲಿಲ್ಲ, ಹಾಗಾಗಿ ಮುಲಾಮೇ ಮಂತ್ರ ಅಂತ ನಾನು ಹೇಳೋದಿಲ್ಲ. ತಡ ಮಾಡೋದು, ಅದರಲ್ಲೂ ಸ್ಟೀರಾಯ್ಡ್ ಹಾಕ್ಕೊಂಡು ತಡ ಮಾಡೋದು ಕಣ್ಣಿಗೆ ಕೇಡು. ಅಪ್ಪನಿಗೆ ನಾವು ಹೀಗೇ ಒಂಬತ್ತು ದಿನ ಕಳೆದ್ವಿ.

ಔಷಧಿ ಕೊಳ್ಳುವಾಗ ಎರಡು ಪ್ರಶ್ನೆ ಕೇಳಿ: "ಇದರಾಗ ಸ್ಟೀರಾಯ್ಡ್ ಐತೇನ್ರಿ? ಪ್ರಿಸರ್ವೇಟಿವ್ ಯಾವುದ್ರಿ?" ಹೆಸರಿನ ಕೊನೆ ನೋಡಿ: ಡೆಕ್ಸಾಮೆಥಸೋನ್, ಬೀಟಾಮೆಥಸೋನ್, ಪ್ರೆಡ್ನಿಸೋಲೋನ್, ಫ್ಲೋರೊಮೆಥೊಲೋನ್. ಹೀಗೆ "-ಸೋನ್", "-ಲೋನ್" ಅಂತ ಮುಗಿದರೆ ಚೀಟಿ ಇಲ್ಲದೆ ಬೇಡ. ಲೋಟೆಪ್ರೆಡ್ನಾಲ್, ಡೈಫ್ಲುಪ್ರೆಡ್ನೇಟ್ ಕೂಡ ಅದೇ ಗುಂಪಿನವು. 2023ರ ಮಳೆಗಾಲದಲ್ಲಿ ರಾಜ್ಯದ ತುಂಬಾ "ಮದ್ರಾಸ್ ಐ" ಹರಡಿದಾಗಲೂ ಕಣ್ಣಿನ ಡಾಕ್ಟರುಗಳು ಕೂಗಿ ಹೇಳಿದ್ದು ಇದನ್ನೇ.

ಒಂದು ಹನಿ ಸಾಕು. ಕಣ್ಣಲ್ಲಿ ಸಹಜವಾಗಿ ಇರೋ ಕಣ್ಣೀರು ಸುಮಾರು 7 ಮೈಕ್ರೋಲೀಟರ್, ಬಾಟಲಿಯ ಒಂದು ಹನಿ 30ರಿಂದ 50. ಎರಡನೇ ಹನಿ ಕೆನ್ನೆಗೆ ಹೋಗುತ್ತೆ. ಎರಡು ಬೇರೆ ಔಷಧ ಇದ್ರೆ ನಡುವೆ ಐದು ನಿಮಿಷ ಬಿಡಿ. ಸೀಲ್ ಒಡೆದ ದಿನ ಪೆನ್ನಿನಲ್ಲಿ ಬಾಟಲಿ ಮೇಲೆ ತಾರೀಖು ಬರೀರಿ.

ಅಪ್ಪನ ಕಣ್ಣು ಈಗ

ಹುಣ್ಣು ಮಾಯೋಕೆ ಎರಡೂವರೆ ತಿಂಗಳು ಹಿಡೀತು. ಅಷ್ಟೂ ದಿನ ಮೊಬೈಲ್‌ನಲ್ಲಿ ಅಲಾರಂ ಇಟ್ಟು, ರಾತ್ರಿ ಪಾಳಿ ನಾನು, ಹಗಲು ಅವ್ವ ಹನಿ ಹಾಕಿದ್ವಿ. ಕಣ್ಣು ಉಳೀತು. ಹೂ ಉಳ್ಕೊಂತು. ಆ ಕಣ್ಣಿಂದ ಅಪ್ಪನಿಗೆ ಕೈಬೆರಳು ಎಣಿಸೋಕೆ ಬರುತ್ತೆ, ಮುಖ ಗುರುತು ಹಿಡಿಯೋಕೆ ಬರೋದಿಲ್ಲ. ಕತ್ತಲಾದ ಮೇಲೆ ಬೈಕ್ ಮುಟ್ಟೋದಿಲ್ಲ. ಮುಂದೆ ಕಾರ್ನಿಯಾ ಕಸಿ ಮಾಡಿಸಬಹುದು ಅಂದಿದ್ದಾರೆ, ಅದಕ್ಕೆ ಯಾರೋ ಒಬ್ಬರು ಕಣ್ಣು ದಾನ ಮಾಡಿರಬೇಕು. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ ತೀರಿಕೊಂಡಾಗ ಅವರ ಎರಡು ಕಾರ್ನಿಯಾಗಳನ್ನು ಪದರ ಪದರವಾಗಿ ಬಿಡಿಸಿ ಬೆಂಗಳೂರಿನ ನಾರಾಯಣ ನೇತ್ರಾಲಯದಲ್ಲಿ ನಾಲ್ವರಿಗೆ ಕಸಿ ಮಾಡಿದ್ದು ನಿಮಗೆ ನೆನಪಿರುತ್ತೆ. ಅವತ್ತು ಅದನ್ನು ಒಂದು ಒಳ್ಳೇ ಸುದ್ದಿ ಅಂತ ಓದಿದ್ದೆ. ಈಗ ಸರತಿಯಲ್ಲಿ ನಿಂತವರ ಮನೆಯವನಾಗಿ ಓದ್ತೀನಿ.

ಅಪ್ಪ ನನ್ನನ್ನು ಒಮ್ಮೆಯೂ ಬೈದಿಲ್ಲ. "ನೀ ಬೇಕಂತ ತಂದಿಯೇನು ತಮ್ಮಾ" ಅಂತಾನೆ. ಹೋದ ಸುಗ್ಗಿಯಲ್ಲಿ ತೂರೋಕೆ ಮುಂಚೆ ತಾನೊಂದು ಪ್ಲಾಸ್ಟಿಕ್ ಕನ್ನಡಕ ಹಾಕ್ಕೊಂಡ, ಕೂಲಿಗೆ ಬಂದ ಆರು ಮಂದಿಗೂ ಒಂದೊಂದು ಕೊಟ್ಟ. ಇಬ್ಬರು ನಕ್ಕು ತೆಗೆದಿಟ್ಟರು. ನಾಲ್ವರು ಹಾಕ್ಕೊಂಡರು.

ಈ ಕಂತು ಕೇಳಿದ ಮೇಲೆ ಒಂದು ಕೆಲಸ ಮಾಡಿ. ನಿಮ್ಮ ಫ್ರಿಜ್ ಬಾಗಿಲು, ದೇವರ ಗೂಡಿನ ಪಕ್ಕದ ಕಪಾಟು, ಬೈಕಿನ ಡಿಕ್ಕಿ, ಎಲ್ಲಿ ಹಳೇ ಕಣ್ಣಿನ ಡ್ರಾಪ್ಸ್ ಇದ್ರೂ ತೆಗೆದು ಲೇಬಲ್ ಓದಿ. ತೆರೆದು ತಿಂಗಳು ದಾಟಿದ್ರೆ ಬಿಸಾಡಿ. ಡಾಕ್ಟರು ಈಗಲೂ ಹಾಕೋಕೆ ಹೇಳಿರೋ ಔಷಧವಾಗಿದ್ರೆ ಹೊಸ ಬಾಟಲಿ ತನ್ನಿ. ಓದೋಕೆ ಬಾರದ ಹಿರಿಯರು ಮನೆಯಲ್ಲಿದ್ರೆ ನೀವೇ ಓದಿ ಹೇಳಿ.

ಮುಂದಿನ ವಾರ ಸಿಗೋಣ. ಅಲ್ಲೀವರೆಗೂ ಕಣ್ಣು ಜೋಪಾನ. ನಮಸ್ಕಾರ.